ತೋಳಿನ ಗುಂಡಿ

ಸ್ಪಿರಿಟ್ಟಿನ ವಾಸನೆ, ಅದರ ಹಿಂದೆಯೇ ಹಸಿ ಸುಣ್ಣದ ವಾಸನೆ, ಶಾಲೆಯ ಗೋಡೆಗೆ ಈಚೆಗಷ್ಟೇ ಬಳಿದಿದ್ದಾರೆ, ಯಾರು ಬರುತ್ತಾರೆಂದು ಬಳಿದರೋ, ಏನು ಮುಚ್ಚುವುದಕ್ಕೆ ಬಳಿದರೋ — ನೋಡು, ಸುಣ್ಣದ ಮೇಲೂ ಅನುಮಾನ ನನಗೆ — ಸಿಸ್ಟರ್ ಶಿಲ್ಪಶ್ರೀ ಹತ್ತಿಯ ಉಂಡೆ ಕಟ್ಟಿ ಕಟ್ಟಿ ಸ್ಟೀಲಿನ ತಟ್ಟೆಗೆ ಹಾಕುತ್ತಿದ್ದಾಳೆ, ಎಲ್ಲರೂ ಬರುತ್ತಾರೆಂದು ಅವಳಿಗೆ ಮೊದಲೇ ಗೊತ್ತಿದೆಯೇ, ಹೋದ ಸಲ ಇದೇ ತಟ್ಟೆಯ ಹತ್ತಿ ಹಾಗೇ ಉಳಿದಿತ್ತು, ನನ್ನಿಂದ. ಹೋದ ಸಲ ಅಂದರೆ ದೀಪಾವಳಿ ಕಳೆದ ವಾರ, ಶೆಟ್ಟಿಕೊಪ್ಪದ ಇದೇ ಕೋಣೆ, ಮಂಗನ ಕಾಯಿಲೆಯ ಲಸಿಕೆ ಎಂದು ಊರನ್ನೆಲ್ಲ ಕರೆದಿದ್ದರು, ನಾನು ಬಾಗಿಲಲ್ಲಿ ನಿಂತು ಕೇಳಿದ್ದೆ, ಸಹಿ ಯಾಕೆ ಸಿಸ್ಟರೇ, ಏನಾದ್ರೂ ಆದ್ರೆ ನಮ್ಮ ತಲೆಗೇ ಕಟ್ಟಕ್ಕಾ, ಚುಚ್ಚಿಸ್ಕಂಡ ಪರಮಶಿವಯ್ಯಂಗೂ ಜ್ವರ ಬಂತಲ್ಲ, ಅದಕ್ಕೆಂತ ಹೇಳ್ತೀರಿ, ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಹಾಕ್ಸಿದ್ರೂ ಬರಬಹುದು ರಾಜಶೇಖರಣ್ಣ, ಬಂದ್ರೂ ಜೋರು ಕಮ್ಮಿ ಇರ್ತದೆ ಅಂದಳು, ಆ ಒಂದು ‘ಬಹುದು’ ನನಗೆ ಸಾಕಾಯಿತು, ಕೇಳಿದ್ರಾ, ಅವ್ರೇ ಹೇಳ್ತಿದಾರೆ, ನಮ್ಮ ಮೈ ನಮ್ದು, ಬ್ಯಾಡ ಅಂದ್ರೆ ಬ್ಯಾಡ, ಹಿಂದಿನಿಂದ ಯಾರೋ ಸರಿ ಹೇಳ್ದೆ ಮಾರಾಯ ಅಂದರು, ಆ ಮಾತು ಬೆನ್ನಿಗೆ ಎಳೆಬಿಸಿಲು ಬಿದ್ದ ಹಾಗೆ ಹಿತವಾಗಿತ್ತು, ಅಷ್ಟರಲ್ಲಿ ನನ್ನ ಗೆಳೆಯ ತಿಮ್ಮಣ್ಣ ತೋಳು ಮಡಿಸಿ ಇದೇ ಬೆಂಚಿನಲ್ಲಿ ಕೂತಾಗಿತ್ತು, ಒದ್ದೆ ಹತ್ತಿ ಅವನ ಚರ್ಮಕ್ಕೆ ತಗುಲಿಯೂ ಆಗಿತ್ತು, ನನ್ನನ್ನು ನೋಡಿದ, ಎಂತ ಮಾಡದು ರಾಜಣ್ಣ, ಏಳು ಮಾರಾಯ ಅಂದೆ, ಎದ್ದ. ತುಂಬುತೋಳಿನ ಅಂಗಿ, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳಲು ಬರಲಿಲ್ಲ ಅವನಿಗೆ, ನಾನೇ ಹಾಕಿದೆ, ಬಿಳಿ ಗುಂಡಿ, ಹಸಿರು ದಾರದಲ್ಲಿ ಹೊಲಿದದ್ದು, ಅವನ ಹೆಂಡತಿ ಪ್ರೇಮಕ್ಕನ ಹೊಲಿಗೆ, ತೂತು ಬಿಗಿಯಾಗಿತ್ತು, ಹೆಬ್ಬೆರಳಿನಿಂದ ಒತ್ತಿ ತೂರಿಸಬೇಕಾಯಿತು.

ಅದೇ ಪ್ರೇಮಕ್ಕ ಈಗ ಸಾಲಿನಲ್ಲಿ, ಪಕ್ಕದಲ್ಲಿ ಮಗಳು ಸಿರಿ, ಬಾಳಗಡಿಯ ಕಾಲೇಜಿಗೆ ಹೋಗುವವಳು, ತಿಮ್ಮಣ್ಣನ ಮಂಚದ ಹತ್ತಿರ ಅವನ ತಮ್ಮ ಶ್ರೀಕಾಂತನನ್ನು ಕೂರಿಸಿ ಶಿವಮೊಗ್ಗದ ಆಸ್ಪತ್ರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಾರೆ, ಬಂದವಳೇ ಫೋನು, ಶಾಲೆ ಹತ್ರ ಬಾ ರಾಜಣ್ಣ, ನೀನಿದ್ರೆ ಧೈರ್ಯ — ಯಾಕೆ ಕರೆದಳು, ಹೇಗಿದಾನೆ ಅಂದದ್ದಕ್ಕೆ, ಜ್ವರ ಬಿಟ್ಟಿತ್ತು, ಮತ್ತೆ ಬಂತು, ಈಗ ಕೈ ನಡುಗ್ತದೆ, ಲೋಟ ಹಿಡಿಯಕ್ಕೆ ಬರಲ್ಲ, ಅಂಗಿ ಗುಂಡಿ ಹಾಕ್ಕಳಕ್ಕೆ ಬರಲ್ಲ, ನಾನೇ ಹಾಕ್ತೀನಿ ಅಂದಳು, ಗುಂಡಿ ಎಂದೇ ಯಾಕೆ ಹೇಳಿದಳು, ನನ್ನ ಮುಖ ನೋಡಿಯೇ ಹೇಳಿದಳೇ, ಅವನು ಏನಾದರೂ ಹೇಳಿರಬಹುದೇ, ಏನು ಹೇಳುತ್ತಾನೆ, ಅವನಿಗೆ ಗೊತ್ತಿರುವುದು ಅರ್ಧ, ಉಳಿದರ್ಧ ನನ್ನ ಜೇಬಿನಲ್ಲಿದೆ, ಮನೆಯಲ್ಲಿಟ್ಟರೆ ಹೆಂಡತಿಗೆ ಸಿಗುತ್ತದೆಂದು ದಿನವೂ ಹೊತ್ತು ತಿರುಗುವ ಕಾರ್ಡು, ನಾಲ್ಕು ಮಡಿಕೆ, ನನ್ನ ಹೆಸರು, ಎರಡು ತಾರೀಖು. ಕ್ಯಾಂಪು ಮುಗಿದ ನಾಲ್ಕನೇ ದಿನ ನಮ್ಮ ಬೇಲಿಯ ಪಕ್ಕ ಮಂಗ ಸತ್ತಿತ್ತು, ಬಿದ್ದಿರಲಿಲ್ಲ, ಮರಕ್ಕೊರಗಿ ಕೂತಿತ್ತು, ಯಾರಿಗೋ ಕಾಯುವ ಹಾಗೆ, ಕಣ್ಣಿನ ಮೇಲೆ ನೊಣ ಕೂತಾಗಲೇ ಗೊತ್ತಾದದ್ದು, ಮರುದಿನ ಪಂಪಿಗೆ ವಾಶರ್ ತರಬೇಕೆಂದು ಹೆಂಡತಿಗೆ ಹೇಳಿ ಕೊಪ್ಪದ ಬಸ್ಸು ಹತ್ತಿದೆ, ಅಲ್ಲಿನ ಆಸ್ಪತ್ರೆಯಲ್ಲಿ ಗುರುತಿನವರಿಲ್ಲ, ಇದ್ದರೂ ಕೈಯಲ್ಲಿ ವಾಶರ್ ಇತ್ತಲ್ಲ, ಮೊದಲು ಅದನ್ನೇ ಕೊಂಡಿದ್ದೆ, ಒಂದೂ ಪ್ರಶ್ನೆ ಕೇಳದೆ ಸಹಿ ಹಾಕಿದೆ, ತೋಳು ಮೂರು ದಿನ ಬೆಂಕಿ, ಹೆಂಡತಿ ಕೇಳಿದರೆ ಬಸ್ಸಿನ ಕಂಬಿ ತಾಗಿತು, ತಿಂಗಳು ಬಿಟ್ಟು ಇನ್ನೊಂದು ವಾಶರ್, ಇನ್ನೊಂದು ಚುಚ್ಚು. ಬಾ ಮಾರಾಯ ಇಬ್ರೂ ಹೋಗನ ಎಂದು ತಿಮ್ಮಣ್ಣನಿಗೆ ಅನ್ನಬಹುದಿತ್ತು, ಅಂದಿದ್ದರೆ ನಗುತ್ತಿದ್ದ, ಊರಿಗೆಲ್ಲ ಹೇಳಿ ನಗಿಸುತ್ತಿದ್ದ, ಬಾಗಿಲಲ್ಲಿ ನಿಂತು ಭಾಷಣ ಮಾಡಿದವನು ಕಳ್ಳನ ಹಾಗೆ ಕೊಪ್ಪಕ್ಕೆ — ನನ್ನ ಮೈ ನನ್ನದು, ಹಾಕಿಸದಿರುವುದಕ್ಕೂ ಹಾಕಿಸುವುದಕ್ಕೂ, ಯಾರಿಗೂ ಹೇಳಬೇಕಾದ್ದಿಲ್ಲ, ಹೀಗೆಂದುಕೊಂಡೆ, ಸರಿಯಾಗಿಯೇ ಕೇಳಿಸುತ್ತಿತ್ತು, ಆಮೇಲೆ ದರಗಿನ ದಿನ ಬಂತು. ಕೊಟ್ಟಿಗೆಗೆ ಹಾಸುವ ಒಣಗಿದ ಎಲೆ, ಕಾಡಿನಲ್ಲಿ ಗುಡಿಸಿ ತರುವುದು, ಮುಯ್ಯಿ ಕೆಲಸ, ಇವತ್ತು ಅವನು ನನ್ನ ದರಗಿಗೆ, ನಾಳೆ ನಾನು ಅವನದಕ್ಕೆ, ಅಪ್ಪಂದಿರ ಕಾಲದಿಂದ ತಪ್ಪಿಲ್ಲ, ಮುಯ್ಯಿಗೆ ಬರಬೇಡ ಅನ್ನುವುದು ಮನೆಯ ಬಾಗಿಲು ಹಾಕಿದ ಹಾಗೆ, ಯಾಕೆ ಎಂದು ಕೇಳುತ್ತಾನೆ, ಏನು ಹೇಳಲಿ. ಬಂದ. ಅದೇ ಅಂಗಿ, ಅದೇ ಹಸಿರು ದಾರ. ಸತ್ತ ಮಂಗನ ಮೈ ಬಿಟ್ಟ ಉಣುಗು, ಕಚ್ಚಿ ಕಾಯಿಲೆ ಹತ್ತಿಸುವ ಹುಳ, ಆ ಎಲೆಯಲ್ಲೇ ಇರುವುದು, ಅದು ಹತ್ತದ ಹಾಗೆ ಇಲಾಖೆಯವರು ಹಂಚಿದ ಎಣ್ಣೆಯನ್ನು ನಾನು ಬಚ್ಚಲಲ್ಲೇ ಕೈಕಾಲಿಗೆ ತಿಕ್ಕಿಕೊಂಡು ಹೊರಟಿದ್ದೆ, ತಿಮ್ಮಣ್ಣ ಮೂಗರಳಿಸಿದ, ಎಂತದಾ ವಾಸನೆ ಮಾರಾಯ, ಮದುಮಗನ ಹಂಗೆ ಘಮ್ಮಂತ ಬಂದೀಯ, ಕಾಡಲ್ಲಿ ಹೆಣ್ಣು ಕೊಡೋರು ಯಾರು, ಮಂಗನಾ, ನಕ್ಕ, ನಾನೂ ನಕ್ಕೆ, ಹೊಸಾ ಸೋಪು ಅಂದೆ. ದೊಡ್ಡ ಹೊರೆಯನ್ನು ಅವನೇ ತಲೆಗೇರಿಸಿಕೊಂಡ, ಕತ್ತಿನ ಮೇಲೆ ಎಲೆ ಉದುರುತ್ತಿತ್ತು, ಎಲೆಯೊಂದಿಗೆ ಇನ್ನೇನು ಉದುರಿತೋ, ನಾನು ಹಿಂದೆಯೇ ನಡೆಯುತ್ತಿದ್ದೆ, ನೋಡಬಹುದಿತ್ತು, ಐದನೇ ದಿನ ಅವನು ಮಲಗಿದ.

ಚುಚ್ಚಿಸಿದ್ದರೂ ಬರಬಹುದಿತ್ತು ಅವನಿಗೆ, ಬಹುದು, ಸಿಸ್ಟರೇ ಹೇಳಿದ್ದಲ್ಲವೇ, ನನಗೆ ಬರದೇ ಇದ್ದದ್ದು ಚುಚ್ಚಿದ್ದಕ್ಕೋ ಎಣ್ಣೆಗೋ ಸುಮ್ಮನೆ ಅದೃಷ್ಟಕ್ಕೋ ಯಾರಿಗೆ ಗೊತ್ತು, ಈ ‘ಬಹುದು’ವಿನ ಮರೆಯಲ್ಲಿ ಎಷ್ಟು ದಿನ ಕೂರಲಿ, ಎಷ್ಟು ಮುದುಡಿದರೂ ಕಾಲು ಹೊರಗೆ ಉಳಿಯುತ್ತದೆ — ಪ್ರೇಮಕ್ಕ ತಿರುಗಿದಳು. ಕೊಟ್ಟಿಗೇಲಿ ದರಗು ಮುಗಿದದೆ ರಾಜಣ್ಣ, ನಾಡಿದ್ದು ನಾನೂ ಸಿರಿನೂ ಹೋಗದು ಅಂತ, ಇದನ್ನ ಹಾಕ್ಸದೋ ಬ್ಯಾಡವೋ, ನೀವಿಬ್ರೂ ಹಾಕ್ಸಿರಲಿಲ್ಲ, ನೀನು ಗಟ್ಟಿಯಾಗಿದೀಯ, ಅವ್ರು ಮಲಗಿದಾರೆ, ನಂಗೆಂತದೂ ತಿಳಿಯದಿಲ್ಲ, ನೀ ಹೆಂಗೆ ಹೇಳ್ತೀಯೋ ಹಂಗೆ. ಬಲೆಯೇ ಇದು, ಗೊತ್ತಿದ್ದೇ ಕೇಳುತ್ತಿದ್ದಾಳೆಯೇ, ಅಲ್ಲ, ಕಣ್ಣಲ್ಲಿ ಬರೀ ನಿದ್ದೆಗೆಟ್ಟ ಕೆಂಪು, ಬಲೆಯಾಗಿದ್ದರೇ ಒಳ್ಳೆಯದಿತ್ತು. ಸಿರಿ ಚೂಡಿದಾರದ ತೋಳನ್ನು ಮೊಣಕೈ ತನಕ ಮಡಿಸಿ ನಿಂತಿದ್ದಾಳೆ, ಮೇಲೇರಿಸಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಾಳೆ, ಅವಳಪ್ಪ ನೋಡಿದ ಹಾಗೆಯೇ. ಹಾಕ್ಸಿ, ಅಂದೆ. ಅಷ್ಟಕ್ಕೇ ಮುಗಿಯಬಹುದಿತ್ತು, ಜೇಬಿನದು ಜೇಬಿನಲ್ಲೇ — ನೀವು ಹಾಕ್ಸಲ್ವಾ ಮಾವ, ಸಿರಿ. ಹಾಕ್ಸಿದೀನಿ. ಯಾರ ಗಂಟಲು ಅದು, ನನ್ನದೇ, ಕಾರ್ಡು ನನ್ನ ಕೈಯಲ್ಲಿ, ಈಗ ಪ್ರೇಮಕ್ಕನ ಕೈಯಲ್ಲಿ, ಓದುತ್ತಿದ್ದಾಳೆ, ತುಟಿ ಅಲ್ಲಾಡುತ್ತದೆ, ಮೊದಲನೆಯ ತಾರೀಖು, ಎರಡನೆಯದು, ಎರಡೂ ದರಗಿನ ದಿನಕ್ಕಿಂತ ಮುಂಚೆ, ಬೈದರೆ ಆಗುತ್ತಿತ್ತು, ಬೈಯಲಿಲ್ಲ, ಅದರ ಮಡಿಕೆಗಳಲ್ಲೇ ಮಡಿಸಿ ವಾಪಸು ಚಾಚಿದಳು, ನಾಡಿದ್ದು ನಾನು ಬರ್ತೀನಿ ಪ್ರೇಮಕ್ಕ, ನನ್ನ ಮುಯ್ಯಿ ಹಂಗೇ ಉಳಿದದೆ ಅಂದೆ, ಬ್ಯಾಡ, ಅಂದಳು. ಅಷ್ಟೇ. ಸಿರಿಯ ತೋಳನ್ನು ತಾನೇ ಮೇಲೇರಿಸಿದಳು, ಒದ್ದೆ ಹತ್ತಿ, ಸೂಜಿ, ಸಿರಿ ಕಣ್ಣು ಮುಚ್ಚಿ ತೆರೆದಳು, ಬೆಂಚಿನಿಂದೆದ್ದು ತೋಳಿಳಿಸಿದಳು, ಮುಂಗೈಯ ಗುಂಡಿ ಒಂದೇ ಕೈಯಲ್ಲಿ ಹಾಕಿಕೊಳ್ಳಲು ಬರುತ್ತಿಲ್ಲ ಅವಳಿಗೂ, ನನ್ನ ಕೈ ತಾನಾಗಿ ಮುಂದೆ ಹೋಯಿತು, ಅವಳು ತೋಳನ್ನು ಹಿಂದಕ್ಕೆಳೆದುಕೊಂಡಳು, ಮುಂಗೈ ಬಾಯಿಗೆ ತಂದು ತೋಳಿನ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಾಳೆ, ನನ್ನ ಖಾಲಿ ಕೈ ಅಲ್ಲೇ ನಿಂತಿದೆ, ಹೆಬ್ಬೆರಳ ತುದಿಯಲ್ಲಿ ಏನೋ ಗಟ್ಟಿ, ದುಂಡಗೆ, ಒತ್ತುತ್ತಿದೆ, ಬಿಳಿ, ಹಸಿರು ದಾರ, ತೂತು ಬಿಗಿ, ಒತ್ತಿದೆ, ತೂರಿತು, ಗುಂಡಿ