ಒಂದನೇ ಡೋಸ್

"ನಿಮ್ಮ ಜಾತಿಗೆ ಬುದ್ಧಿ ಅನ್ನುದು ಉಂಟಾ ಇಲ್ವಾ? ಸರಕಾರ ಪುಕ್ಕಟೆ ಜೀವ ಉಳಿಸ್ಲಿಕ್ಕೆ ಮನೆ ಬಾಗಿಲಿಗೆ ಬಂದ್ರೆ ಹಂದಿಗಳ ಹಾಗೆ ಪೊದೆಯೊಳಗೆ ಓಡ್ತೀರಲ್ಲ, ಬೇವರ್ಸಿಗಳು!"

ಹೆಲ್ತ್ ಇನ್‌ಸ್ಪೆಕ್ಟರ್ ಹರಿಕೃಷ್ಣ ಬೈಯುತ್ತಿದ್ದದ್ದು ಕಿನ್ನಿಯನ್ನು. ಬೆಳಗಿನ ಆರೂವರೆ. ವಾರ್ಡಿನ ಪೌರಕಾರ್ಮಿಕರೆಲ್ಲ ಹಾಜರಿಗೆ ಸೇರಿದ್ದರು. ಯಾರೂ ತಲೆ ಎತ್ತಲಿಲ್ಲ.

"ನಾನು ಓಡ್ಲಿಲ್ಲ ಸರ್. ನಿನ್ನೆ ಡ್ಯೂಟಿಯಲ್ಲಿದ್ದೆ. ನನಗೆ ಎರಡು ಡೋಸೂ ಆಗಿದೆ."

"ನಿನ್ನದು ಯಾರು ಕೇಳಿದ್ದು? ಹಿಂದೆ ಹೋಗು, ಅಲ್ಲಿಂದಲೇ ಮಾತಾಡು. ಶುಕ್ರವಾರ ಶಾಲೆಯಲ್ಲಿ ಲಸಿಕೆ ಕ್ಯಾಂಪ್ ಉಂಟು. ನಿಮ್ಮ ಕಾಲನಿಯಲ್ಲಿ ಇಪ್ಪತ್ತಮೂರು ಜನ ಬಾಕಿ. ಇಪ್ಪತ್ತಮೂರೂ ಬರ್ಬೇಕು. ಬರ್ಲಿಲ್ಲಾಂದ್ರೆ ಸೋಮವಾರದಿಂದ ನೀನೂ ಬರುದು ಬೇಡ. ಗೊತ್ತಾಯ್ತಾ?"

"ಆಯ್ತು ಸರ್."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೊರೋನಾದ ಎರಡನೇ ಅಲೆ ಎದ್ದ ಏಪ್ರಿಲಿನಲ್ಲಿ ಅವಳನ್ನು ಕಸದ ಕೆಲಸದಿಂದ ತೆಗೆದು ಹೆಣದ ಕೆಲಸಕ್ಕೆ ಹಾಕಿದ್ದರು. ಬಿಳಿ ಪ್ಲಾಸ್ಟಿಕ್ ಅಂಗಿಯೊಳಗೆ ಬೇಯುತ್ತ, ಶವಾಗಾರದಿಂದ ಆಂಬುಲೆನ್ಸಿಗೆ, ಆಂಬುಲೆನ್ಸಿನಿಂದ ಸ್ಮಶಾನಕ್ಕೆ ಹೊರುವುದು. ಮನೆಯವರು ರಸ್ತೆಯ ಆಚೆ ನಿಂತು, "ಅಕ್ಕಾ, ಮುಖ ಸ್ವಲ್ಪ ಈಚೆ ತಿರುಗಿಸಿ" ಎಂದು ಸತ್ತವರ ಫೋಟೋಕ್ಕೆ ಮೊಬೈಲು ಎತ್ತುತ್ತಿದ್ದರು. ಮೊದಮೊದಲು ಅವಳಿಗೂ ಅಳು ಬರುತ್ತಿತ್ತು. ಆಮೇಲೆ ಅದು ನಿಂತಿತು. ಅದರ ಜೊತೆಗೆ ಬೇರೆ ಏನೇನೋ ನಿಂತಿತು. ಮೀನಿನ ಸಾರು ಉಂಡರೂ ಒಂದೇ, ನೀರು ಕುಡಿದರೂ ಒಂದೇ.

ಕೂಳೂರು ಸೇತುವೆಯಿಂದ ಇಳಿದು ಹೊಳೆಯ ಬದಿಗೆ ನಡೆದರೆ ಹನ್ನೊಂದು ಮನೆಗಳ ಕೊರಗರ ಕಾಲನಿ. ಸಂಜೆ ಕಿನ್ನಿ ಬಂದಾಗ ಪೂವಪ್ಪ ಜಗಲಿಯಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಅವನು ಅವಳ ತಾಯಿಯ ಅಣ್ಣ. ತಾಯಿ ಹೋದ ಮೇಲೆ ಅವಳನ್ನು ಸಾಕಿದವನು. ಅರವತ್ತೆಂಟರ ಪ್ರಾಯ. ನಿನ್ನೆ ಲಸಿಕೆಯವರ ಜೀಪು ಕಂಡು ಎಲ್ಲರಿಗಿಂತ ಮೊದಲು ಓಡಿದವನೂ ಅವನೇ ಎಂದು ಪಕ್ಕದ ಮನೆಯ ಮುತ್ತಕ್ಕ ಹೇಳಿದ್ದಳು.

"ಹೌದು, ಓಡಿದೆ" ಎಂದ ಪೂವಪ್ಪ, ಬಳ್ಳಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತ. "ರೇಶನ್ ಕಾರ್ಡಿಗೆ ನನ್ನನ್ನು ಹದಿನಾಲ್ಕು ಸಲ ನಡೆಸಿದವರು ಇದನ್ನು ಜೀಪಲ್ಲಿ ತಂದು ಕೊಡ್ತಾರಾ? ಎಂತಕ್ಕೆ? ನಮ್ಮ ಮೇಲೆ ಅಷ್ಟು ಪ್ರೀತಿ ಯಾವಾಗ ಬಂತು?"

"ಎಲ್ಲರಿಗೂ ಹಾಕ್ತಾರೆ ಮಾವ."

"ಎಲ್ಲರಿಗೂ ಹಾಕುದು ಅದೇ, ನಮಗೆ ಹಾಕುದೂ ಅದೇ ಅಂತ ನೀನು ನೋಡಿದ್ದೀಯಾ?" ಕೈಯಲ್ಲಿದ್ದ ಬುಟ್ಟಿಯನ್ನು ಅವನು ಕೆಳಗಿಟ್ಟ. "ನನಗೆ ಆಗ ಎಂಟೋ ಒಂಬತ್ತೋ. ಗುತ್ತಿನ ಮನೆಯ ಧಣಿಯ ಸೊಸೆ ಬಸುರಿ. ನಮ್ಮನ್ನು ಕರೆಸಿ ಅಂಗಳದ ಆಚೆ ಕೂರಿಸಿದ್ರು. ಬಾಳೆಲೆ ಹಾಕಿ ಅನ್ನ ಬಡಿಸಿದ್ರು. ಬಿಸಿ ಅನ್ನ, ಕಿನ್ನಿ. ಬಿಸಿ ಅನ್ನ ಅಂತ ನಾನು ಓಡಿ ಹೋಗಿ ಕೂತದ್ದು. ಅದರೊಳಗೆ ಅವಳ ತಲೆಕೂದಲು, ಉಗುರು. ಅವಳ ಪೀಡೆ ನಮ್ಮ ಹೊಟ್ಟೆಗೆ ಹೋಗ್ಬೇಕಂತೆ. ಅಮ್ಮ ಹೇಳಿದ್ಲು, ತಿನ್ನು, ನೋಡ್ತಿದ್ದಾರೆ ಅಂತ. ತಿಂದೆ."

ಅದಕ್ಕೆ ಅಜಲು ಎಂದು ಹೆಸರು. ಕಾನೂನು ಅದನ್ನು ನಿಷೇಧಿಸಿ ಇಪ್ಪತ್ತು ವರ್ಷ ಕಳೆದಿತ್ತು. ಹೇಳಿ ಮುಗಿಸಿದ ಮೇಲೆ ಪೂವಪ್ಪ ಅಂಗಳಕ್ಕೆ ಉಗುಳಿದ.

ಕಿನ್ನಿ ಅವನ ಎದುರು ಜಗಲಿಯಲ್ಲಿ ಕೂತಳು. "ಇದರಲ್ಲಿ ಎಂತ ಬೆರೆಸಿದ್ದಾರೆ ನನಗೆ ಗೊತ್ತಿಲ್ಲ ಮಾವ. ನನಗೆ ಹಾಕಿದಾಗ ಎರಡು ದಿನ ಜ್ವರ ಬಂತು, ಹೋಯ್ತು. ಹಾಕದವರನ್ನು ದಿನಾ ಹೊರ್ತೇನೆ. ನಿಮ್ಮನ್ನು ಹೊರ್ಲಿಕ್ಕೆ ನನಗೆ ಆಗುದಿಲ್ಲ."

"ನಾವು ಹೋಗದಿದ್ರೆ ನಿನ್ನ ಕೆಲಸ ಹೋಗ್ತದಾ?"

"ಹೋಗ್ತದೆ. ಅದಕ್ಕೂ ಹೇಳುದೇ."

ಪೂವಪ್ಪ ಬುಟ್ಟಿಯ ಆ ಸುತ್ತು ಮುಗಿಸಿದ. "ಶುಕ್ರವಾರ ನಾನು ಮೊದಲು ಹೋಗ್ತೇನೆ. ನಾನು ಹೋದ್ರೆ ಉಳಿದವರೂ ಬರ್ತಾರೆ."

ಬಂದರು. ಇಪ್ಪತ್ತಮೂರೂ ಜನ ಮಿಂದು, ಒಗೆದ ಬಟ್ಟೆ ಉಟ್ಟು, ಮುತ್ತಕ್ಕ ಹಳೆ ಸೀರೆಯಲ್ಲಿ ಹೊಲಿದ ಮಾಸ್ಕು ಕಟ್ಟಿಕೊಂಡು ಬೆಳಿಗ್ಗೆ ಎಂಟಕ್ಕೆ ಶಾಲೆಯ ಗೇಟಿನಲ್ಲಿದ್ದರು. ಜಗಲಿಯ ಉದ್ದಕ್ಕೆ ಆರಡಿಗೊಂದರಂತೆ ಕುರ್ಚಿ ಹಾಕಿದ್ದರು. ಪೂವಪ್ಪ ಒಂದರ ಹತ್ತಿರ ಹೋಗುವಷ್ಟರಲ್ಲಿ ನೀರಜಾಕ್ಷಿ ಟೀಚರ್ ಎದ್ದು ಬಂದರು. ನಿವೃತ್ತ ಮುಖ್ಯೋಪಾಧ್ಯಾಯಿನಿ. ಕ್ಯಾಂಪಿನ ಸ್ವಯಂಸೇವಕಿ.

"ಅಲ್ಲಲ್ಲ, ನೀವು ಆ ಸೈಕಲ್ ಶೆಡ್ಡಿನಲ್ಲಿ ಕೂತ್ಕೊಳ್ಳಿ. ಇಲ್ಲಿ ಸೀನಿಯರ್ ಸಿಟಿಜನ್ಸ್ ಬರ್ತಾರೆ. ತಪ್ಪು ತಿಳ್ಕೊಳ್ಬೇಡಿ ಆಯ್ತಾ? ಡಿಸ್ಟೆನ್ಸ್ ಇಡ್ಬೇಕಲ್ವಾ ಈಗ, ಎಲ್ಲರ ಒಳ್ಳೆಯದಕ್ಕೇ."

ಶೆಡ್ಡು ಎಂಟು ಸೈಕಲ್ಲಿನದು. ಇಪ್ಪತ್ತಮೂರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮೇಲೆ ಮೇ ತಿಂಗಳ ಬಿಸಿಲಿಗೆ ಕಾದ ತಗಡಿನ ಶೀಟು.

ಒಂಬತ್ತಕ್ಕೆ ಹರಿಕೃಷ್ಣ ಎಲ್ಲರ ಆಧಾರ್ ಕಾರ್ಡು ಒಟ್ಟು ಮಾಡಿ ಒಳಗೆ ಕೊಂಡುಹೋದ. ಹತ್ತಕ್ಕೆ ಬ್ಯಾನರು ಕಟ್ಟಿ ಪೂವಪ್ಪನನ್ನು ಕರೆದರು. ಕುರ್ಚಿಯಲ್ಲಿ ಕೂರಿಸಿ ಅಂಗಿಯ ತೋಳು ಮೇಲೆ ಮಾಡಿಸಿದರು. ನರ್ಸ್ ನಿರೀಕ್ಷಾ ಮುಚ್ಚಳ ತೆಗೆಯದ ಸಿರಿಂಜನ್ನು ಅವನ ತೋಳಿಗೆ ಹಿಡಿದಳು.

"ಅಜ್ಜ, ಇಲ್ಲಿ ನೋಡಿ. ನಗಿ. ಹಾಂ."

ಪೂವಪ್ಪ ನಕ್ಕ. ಫೋಟೋ ಆದ ಮೇಲೂ ತೋಳನ್ನು ಹಾಗೇ ಹಿಡಿದುಕೊಂಡಿದ್ದ.

"ಆಯ್ತಜ್ಜ, ಈಗ ಶೆಡ್ಡಿಗೆ ಹೋಗಿ. ಟೋಕನ್ ಪ್ರಕಾರ ಕರೀತೇವೆ."

ಹನ್ನೆರಡಕ್ಕೆ ಅಪಾರ್ಟ್‌ಮೆಂಟಿನ ಕಾರುಗಳು ಬಂದವು. ಒಂದಕ್ಕೆ ಇನ್ನಷ್ಟು ಬಂದವು. ಮೂರಕ್ಕೆ ಹರಿಕೃಷ್ಣ ಖಾಲಿ ಐಸ್ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದ. "ಸ್ಟಾಕ್ ಮುಗೀತು. ಮುಂದಿನ ವಾರ ಬನ್ನಿ."

ಎಲ್ಲರ ಜೊತೆ ವಾಪಸು ಬರುವಾಗ ಸೇತುವೆಯ ಹತ್ತಿರ ಕಿನ್ನಿಯ ಮೊಬೈಲು ನಾಲ್ಕು ಸಲ ಕುಂಯ್ ಎಂದಿತು. ಕಾಲನಿಯ ನಾಲ್ಕು ಜನರ ಹೆಸರಿಗೆ ಕೊಟ್ಟದ್ದು ಅವಳದೇ ನಂಬರು. ಮೆಸೇಜುಗಳು ಇಂಗ್ಲಿಷಿನಲ್ಲಿದ್ದವು. ಮೆಡಿಕಲ್ ಅಂಗಡಿಯ ಬಾಸಿತ್‌ಗೆ ತೋರಿಸಿದಳು. ಅವನು ಒಂದೊಂದನ್ನೂ ಓದಿದ.

"ಅಭಿನಂದನೆ ಅಂತ ಉಂಟು ಕಿನ್ನಿಯಕ್ಕ. ಪೂವಪ್ಪ, ಒಂದನೇ ಡೋಸ್ ಆಯ್ತು ಅಂತ. ಉಳಿದ ಮೂರೂ ಹಾಗೇ. ಈಗ ಹಾಕಿಸಿದ್ದಾ?"

"ಇಲ್ಲ" ಎಂದಳು ಕಿನ್ನಿ.

ಮುಂದಿನ ವಾರ ಹೋದಾಗ ನಿರೀಕ್ಷಾ ಕಂಪ್ಯೂಟರಿನಲ್ಲಿ ನಂಬರು ಹೊಡೆದು ನೋಡಿದಳು. "ತೆಗೆದುಕೊಳ್ಳುದಿಲ್ಲ ಅಕ್ಕ. ಎಂಬತ್ತನಾಲ್ಕು ದಿನ ಆಗದೆ ಎರಡನೇದು ಹಾಕ್ಲಿಕ್ಕಿಲ್ಲ ಅಂತ ತೋರಿಸ್ತದೆ."

"ಒಂದನೇದೇ ಹಾಕ್ಲಿಲ್ಲ. ನಿಮಗೇ ಗೊತ್ತುಂಟಲ್ಲ."

ನಿರೀಕ್ಷಾ ಮುಂದಿನವರ ನಂಬರು ಹೊಡೆಯತೊಡಗಿದಳು. ಹರಿಕೃಷ್ಣ ಒಳಗಿನಿಂದಲೇ ಕೂಗಿದ: "ಇಪ್ಪತ್ತಮೂರು ಜನರದ್ದೂ ಎಂಟ್ರಿ ಆಗಿಹೋಗಿದೆ ಮಾರಾಯ್ತಿ, ಮೇಲೆ ರಿಪೋರ್ಟೂ ಹೋಗಿದೆ! ಮೊದಲು ಬೇಡ ಬೇಡ ಅಂತ ಓಡಿದವರು ನೀವೇ ಅಲ್ವಾ? ಈಗ ಎಂತ ಅರ್ಜೆಂಟ್?"

ಸುದ್ದಿ ಕೇಳಿ ಪೂವಪ್ಪ ಕೆಮ್ಮು ಬರುವವರೆಗೆ ನಕ್ಕ. "ಈ ಸಲ ಎಂತದೂ ಬೆರೆಸ್ಲಿಲ್ಲ ಕಿನ್ನಿ. ಖಾಲಿ ಎಲೆ ಹಾಕಿ ಎಬ್ಬಿಸಿದ್ರು, ಅಷ್ಟೆ."

ಜೂನಿನಲ್ಲಿ ಅವನಿಗೆ ಜ್ವರ ಬಂತು. ಒಂಬತ್ತನೆಯ ದಿನ ಉಸಿರು ಸಿಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಮೊಬೈಲಿನ ಮೆಸೇಜು ನೋಡಿ, ಲಸಿಕೆ ಆಗಿದೆ ಎಂದು ಕಾಗದದಲ್ಲಿ ಬರೆದುಕೊಂಡರು. ಆಗಿಲ್ಲ ಎಂದು ಕಿನ್ನಿ ಹೇಳಿದಳು. ಅವರು ಒಂದು ಸಲ ಅವಳ ಕಡೆ ನೋಡಿ ಮುಂದಿನ ಮಂಚಕ್ಕೆ ಹೋದರು.

ಪೂವಪ್ಪ ಸತ್ತ ದಿನ ಅವಳು ಡ್ಯೂಟಿಯಲ್ಲಿದ್ದಳು. "ನಿನ್ನವರಾ? ಬೇಕಿದ್ರೆ ನೀನು ಹೋಗು, ನಾವು ನೋಡ್ತೇವೆ" ಎಂದ ಜೊತೆಯ ದುಗ್ಗಪ್ಪ. ಕಿನ್ನಿ ಬೇಡವೆಂದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೂರು ಕಡೆ ಕಟ್ಟಿದಳು. ಕಾಲಿನ ಕಡೆ ಅವಳು ಹಿಡಿದಳು, ತಲೆಯ ಕಡೆ ದುಗ್ಗಪ್ಪ. ಹಗುರ ಇದ್ದ. ಮಳೆಯ ನೀರು ತುಂಬಿದ ಗುಂಡಿಯಲ್ಲಿ ಇಳಿಸಿದರು. ಅವಳು ಅಳಲಿಲ್ಲ. ಆ ದಿನ ಅವನಾದ ಮೇಲೆ ಇನ್ನೂ ಎರಡು ಹೆಣಗಳಿದ್ದವು. ಅವನ್ನೂ ಹೊತ್ತಳು.

ಶಾಲೆಯಲ್ಲಿ ತೆಗೆದ ಫೋಟೋ ಪೇಪರಿನಲ್ಲಿ ಬಂದಿತ್ತು. ಸುರತ್ಕಲ್ ಕಡೆಯ ಕೊರಗರ ಕಾಲನಿಯವರು ಅದನ್ನು ನೋಡಿದ್ದರು. ಸೂಜಿ ಚುಚ್ಚಿಸಿಕೊಂಡು ನಕ್ಕ ಅಜ್ಜ ತಿಂಗಳೊಳಗೆ ಸತ್ತ ಎಂಬ ಸುದ್ದಿಯೂ ಅವರಿಗೆ ತಲುಪಿತು. ಅಲ್ಲಿಗೆ ಜೀಪು ಹೋದ ದಿನ ಎಲ್ಲ ಮನೆಗಳಿಗೂ ಬೀಗ ಬಿದ್ದಿತ್ತು. ಆ ಕಾಲನಿಯಲ್ಲಿ ಆಮೇಲೆ ಅದೇ ಜ್ವರಕ್ಕೆ ಮೂವರು ತೀರಿಹೋದರು. ಅದರಲ್ಲಿ ಒಬ್ಬಳು ಮುತ್ತಕ್ಕನ ತಂಗಿ.

ಆಗಸ್ಟಿನಲ್ಲಿ ಮೊಬೈಲು ಮತ್ತೆ ಕುಂಯ್ ಎಂದಿತು. ಪೂವಪ್ಪನ ಎರಡನೇ ಡೋಸಿಗೆ ಸಮಯವಾಗಿದೆ.

ಈ ಸಲ ಹರಿಕೃಷ್ಣ, ನಿರೀಕ್ಷಾ ಜೀಪಿನಲ್ಲಿ ಕಾಲನಿಗೇ ಬಂದರು. ಅಂಗಳದಲ್ಲಿ ಮೇಜು ಹಾಕಿ, ಶೇಕಡಾ ನೂರು ಎಂದು ಬರೆದ ಬ್ಯಾನರು ಕಟ್ಟಿದರು. ಯಾರೂ ಓಡಲಿಲ್ಲ. ಇಪ್ಪತ್ತೆರಡು ಜನ ಹೊರಗೆ ಬಂದು ನಿಂತರು. ಹರಿಕೃಷ್ಣ ಪುಸ್ತಕ ಬಿಡಿಸಿದ.

"ಪೂವಪ್ಪ."

"ಸತ್ತಿದ್ದಾರೆ ಸರ್" ಎಂದಳು ಕಿನ್ನಿ.

"ಓ, ಹೌದಲ್ಲ. ಇರ್ಲಿ, ಒಂದನೇದು ಆಗಿತ್ತಲ್ಲ. ಲೆಕ್ಕ ಸರಿ ಬರ್ತದೆ."

"ಆಗ್ಲಿಲ್ಲ. ಅವರ ಹೆಸರಿನ ಎದುರು ಹಾಕಿಲ್ಲ ಅಂತ ಬರೀರಿ. ಇವತ್ತು ಎಲ್ಲರಿಗೂ ಹಾಕುದು ಒಂದನೇದು ಅಂತ ಬರೀರಿ. ಬರೆದ ಮೇಲೆ ಚುಚ್ಚಿ."

"ನಿನಗೆ ತಲೆ ಕೆಟ್ಟಿದಾ? ಇದು ಎಂತ ನಿನ್ನ ಅಪ್ಪನ ಪುಸ್ತಕವಾ? ದೂರ ನಿಲ್ಲು!"

ಕಿನ್ನಿ ಎರಡು ಹೆಜ್ಜೆ ಮುಂದೆ ಬಂದಳು. ಹನ್ನೊಂದು ವರ್ಷ ಅವಳ ಹಾಜರಿ ಹಾಕಿದ ಕೈ ಅದು. ಪೆನ್ನು ಹಿಡಿದಿದ್ದ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಪುಸ್ತಕದ ಮೇಲೆ ಒತ್ತಿದಳು. ಹೆಣ ಹೊತ್ತು ಗಟ್ಟಿಯಾದ ಕೈ ಅವಳದು. ಹರಿಕೃಷ್ಣ ಎಳೆದ, ಬರಲಿಲ್ಲ.

"ಮುಟ್ಟಿದ್ಲು! ಏ ರಂಡೆ, ಕೈ ಬಿಡು! ಪೊಲೀಸಿಗೆ ಫೋನ್ ಮಾಡ್ತೇನೆ!"

"ಮಾಡಿ ಸರ್. ಇನ್ನೊಂದು ಕೈ ಖಾಲಿ ಉಂಟಲ್ಲ."

ಅವನು ಎಡಗೈಯಲ್ಲಿ ಕಿಸೆ ತಡಕಾಡಿದ. ಮೊಬೈಲು ಜಾರಿ ಕೆಸರಿಗೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಮುತ್ತಕ್ಕ ರವಕೆಯ ತೋಳನ್ನು ಮೇಲೆ ಸರಿಸಿ ಮೇಜಿನ ಹತ್ತಿರ ಬಂದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ತೋಳು ಬರಿದು ಮಾಡಿಕೊಂಡು ಬಂದು ಮೇಜಿನ ಸುತ್ತ ಒತ್ತೊತ್ತಾಗಿ ನಿಂತರು. ನಿರೀಕ್ಷಾ ತುಂಬಿಸಿದ ಸಿರಿಂಜು ಹಿಡಿದು ಆ ತೋಳುಗಳನ್ನು ನೋಡಿದಳು, ಪುಸ್ತಕವನ್ನು ನೋಡಿದಳು.

ಮಳೆ ಹನಿಯತೊಡಗಿತು. ಕಿನ್ನಿಯ ಬೆರಳುಗಳ ಕೆಳಗೆ ಹರಿಕೃಷ್ಣನ ನಾಡಿ ಜೋರಾಗಿ ಬಡಿಯುತ್ತಿತ್ತು. ಅವಳು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು.

"ಬರೀರಿ" ಎಂದಳು.