ಉಪ್ಪು ನೋಡದ ಖೀಮಾ

ನಾನು ಹುಟ್ಟಿದ್ದು ಸುತ್ತಿಗೆಯ ಕೆಳಗೆ. ಸವಣೂರಿನ ಕಂಚುಗಾರನೊಬ್ಬ ತಾಮ್ರದ ತಗಡನ್ನು ಕಾಯಿಸಿ ಬಡಿದು, ಮತ್ತೆ ಕಾಯಿಸಿ ಬಡಿದು, ನನ್ನನ್ನು ಅಗಲ ಬಾಯಿಯ ಬೋಗುಣಿ ಮಾಡಿದ. ಮೇಲೆ ಕೆಂಡ ಹಾಕಿದರೆ ಜಾರಬಾರದೆಂದು ಮುಚ್ಚಳದ ಸುತ್ತ ಅಂಚು ಎತ್ತಿದ. ಕಲಾಯಿಯವನು ತವರ ಸವರಿ ಅರಳೆಯಿಂದ ತಿಕ್ಕಿದಾಗ ನನ್ನ ಹೊಟ್ಟೆಯೊಳಗೆ ಬೆಳಕಾಯಿತು. ಆ ಬೆಳಕನ್ನು ನಾನು ಹೆಚ್ಚು ಹೊತ್ತು ನೋಡಲಿಲ್ಲ. ನನ್ನಂಥವರ ಬಾಳೆಲ್ಲ ಮುಚ್ಚಳದ ಕೆಳಗಿನ ಬಾಳು.

ನನ್ನನ್ನು ಕೊಂಡವನು ಒಬ್ಬ ಪಿಂಜಾರ, ಬಿಲ್ಲು ಮೀಟಿ ಅರಳೆ ಹಿಂಜಿ ಗಾದಿ ತುಂಬುವವನು. ಮಗಳು ಇಮಾಮಬಿಯ ಮದುವೆಯಲ್ಲಿ ನನ್ನನ್ನು ಆಕೆಯ ಕೈಗೆ ಕೊಟ್ಟ. ಆಕೆಯ ಜೊತೆ ನಾನು ವರದಾ ಹೊಳೆಯ ದಂಡೆಯ ಊರಿಗೆ ಬಂದೆ. ಗಂಡನ ಮನೆಯಲ್ಲೂ ಅದೇ ಬಿಲ್ಲು, ಅದೇ ಅರಳೆ. ಆ ಮನೆಯಲ್ಲಿ ದಮ್ಮಿನ ಖೀಮಾ ಮಾಡಲಿಕ್ಕೆ ನನ್ನನ್ನೇ ಇಳಿಸುತ್ತಿದ್ದರು.

ಇಮಾಮಬಿ ಮಾಂಸವನ್ನು ಮರದ ತುಂಡಿನ ಮೇಲಿಟ್ಟು ಕತ್ತಿಯಿಂದ ಸಣ್ಣಗೆ ಕೊಚ್ಚುವಳು. ಅದಕ್ಕೆ ಮೊಸರು, ಹುರಿದ ಉಳ್ಳಾಗಡ್ಡಿ, ಗಸಗಸೆ, ಕೊಬ್ಬರಿ, ಪುಟಾಣಿ ಹಿಟ್ಟು, ಚೆಕ್ಕೆ, ಲವಂಗ ಸೇರಿಸಿ ಅಂಗೈಯಿಂದ ನಾದುವಳು. ನನ್ನ ತಳಕ್ಕೆ ತುಪ್ಪ ಸವರಿ, ಎಲ್ಲವನ್ನೂ ಒತ್ತಿ ಹರಡಿ, ಮುಚ್ಚಳದ ಸಂದಿಗೆ ಕಣಕ ಮೆತ್ತುವಳು. ಆಮೇಲೆ ಜಾಲಿಯ ಕೆಂಡ ಕೆಳಗಷ್ಟು, ಮೇಲಷ್ಟು. ಮಗ ದಾವಲಸಾಬ ದೊಡ್ಡವನಾದ ಮೇಲೂ ತಳ ಹಿಡಿದದ್ದನ್ನು ಬೆರಳಿನಿಂದ ಕೆರೆದು ತಿನ್ನುತ್ತಿದ್ದ. ಬಿಲ್ಲಿನ ನರ ಎಳೆದೆಳೆದು ಅವನ ಬೆರಳು ಗಟ್ಟಿಯಾಗಿದ್ದವು. ಅವನಿಗೆ ಎಷ್ಟು ಉಪ್ಪಾದರೂ ಸಾಲದು.

"ಅವ್ವಾ, ಉಪ್ಪಿನ ಗಡಗಿಗೆ ಕೀಲಿ ಹಾಕೀಯೇನ?" ಎನ್ನುವನು.

"ನಿನ್ನ ನಾಲಗಿಗೆ ಸಮುದ್ರ ತಂದು ಸುರವಿದ್ರೂ ಸಪ್ಪಗ ಅಂತೀ," ಎನ್ನುವಳು ಇಮಾಮಬಿ.

ಅವನ ಹೆಂಡತಿ ಮಾಬವ್ವ ಒಲೆಯ ಹಿಂದೆ ಕೂತು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಆಗಿನ್ನೂ ಆಕೆ ಹೊಸ ಸೊಸೆ.

ಆ ಮನೆಗೆ ಒಂದು ಪದ್ಧತಿ ಇತ್ತು. ಶಬೇಬರಾತಿನ ಹಿಂದಿನ ಸಂಜೆ ಸತ್ತವರ ಹೆಸರಿನಲ್ಲಿ ಖೀಮಾ ಮಾಡುವರು. ಅದರ ಉಪ್ಪು ನೋಡುವಂತಿಲ್ಲ. ಮಾಡುವವಳು ಬೆರಳು ನೆಕ್ಕುವಂತಿಲ್ಲ. ಮುಚ್ಚಿದ ಬೋಗುಣಿಯ ಮುಂದೆ ಫಾತಿಹಾ ಓದಿದ ಮೇಲೇ ಕಣಕ ಒಡೆಯಬೇಕು. ಸತ್ತವರು ಮೊದಲು ಉಣ್ಣುತ್ತಾರೆ, ಅವರು ತಕ್ಕೊಳ್ಳುವುದು ಉಪ್ಪನ್ನು ಮಾತ್ರ ಎಂದು ಆ ಮನೆಯವರ ನಂಬಿಕೆ. ಇಮಾಮಬಿಯ ಗಂಡ ತೀರಿಕೊಂಡ ವರ್ಷ ಖೀಮಾ ಬಾಯಿಗಿಟ್ಟವರೆಲ್ಲ ಸಪ್ಪೆ ಅಂದರು. ಓಣಿಯ ಹೆಂಗಸರು, ಮುದುಕಿಗೆ ಮರೆವು ಹೆಚ್ಚಾಗಿದೆ ಎಂದು ಹಿಂದಿನಿಂದ ಆಡಿಕೊಂಡರು.

ಆಕೆ ಮರೆತಿರಲಿಲ್ಲ. ಉಪ್ಪು ಬಿದ್ದದ್ದು ನನ್ನೊಳಗೆ. ಹೋದದ್ದೂ ನನ್ನೊಳಗಿಂದಲೇ.

ಒಂದು ಸುಗ್ಗಿ ಮುಗಿದ ಮೇಲೆ ದಾವಲಸಾಬ ಬಿಲ್ಲು ಹೆಗಲಿಗೇರಿಸಿ ಹೊಳೆಯಾಚೆಯ ಊರುಗಳಿಗೆ ಗಾದಿ ಹಿಂಜಲು ಹೋದ. ತಿರುಗಿ ಬರಲಿಲ್ಲ. ಹುಡುಕಿದರು. ಆಚೆಯ ಊರಿನವರು ನಮ್ಮಲ್ಲಿಗೆ ಬಂದೇ ಇಲ್ಲ ಅಂದರು. ಹೆಣವೂ ಸಿಗಲಿಲ್ಲ, ಬಿಲ್ಲೂ ಸಿಗಲಿಲ್ಲ. ವರ್ಷ ಕಳೆಯಿತು, ಮತ್ತೂ ಕಳೆಯಿತು. ಶಬೇಬರಾತ್ ಬಂದಾಗಲೆಲ್ಲ ಇಮಾಮಬಿ ಸತ್ತವರ ಹೆಸರು ಹೇಳುವಾಗ ಗಂಡನ ಹೆಸರಿಗೆ ನಿಲ್ಲಿಸುವಳು. ಮಾಬವ್ವ ತಲೆ ತಗ್ಗಿಸಿ ಕೇಳುವಳು. ಆಕೆ ವಿಧವೆಯಲ್ಲ, ಗಂಡನ ಜೊತೆ ಇರುವವಳೂ ಅಲ್ಲ.

ಕಡೆಗೆ ಮಾಬವ್ವನ ಅಣ್ಣ ಬಂದ. ಲಕ್ಷ್ಮೇಶ್ವರದಲ್ಲಿ ಒಬ್ಬ ಒಳ್ಳೆಯ ಗಂಡು ಇದ್ದಾನೆ, ಕೇಳುತ್ತಿದ್ದಾನೆ ಅಂದ. ಜಮಾತಿನ ಹಿರಿಯರೂ ಹೆತ್ತವಳು ಒಪ್ಪಿದರೆ ತಾವು ಅಡ್ಡ ಬರುವುದಿಲ್ಲ ಅಂದಿದ್ದರು.

"ಅತ್ತಿ, ಅವ ಅದಾನ ಅಂದ್ರ ಕರಕೊಂಡ ಬರ್ರಿ," ಅಂದ ಅಣ್ಣ. "ಇಲ್ಲ ಅಂದ್ರ ಇಲ್ಲ ಅನ್ರಿ. ನಡುವ ಇಟ್ಟು ನಮ್ಮ ತಂಗೀನ ಒಣಗಸಬ್ಯಾಡ್ರಿ."

"ಹೆಣಾ ನೋಡಿಲ್ಲೋ ತಮ್ಮಾ. ಹೆತ್ತ ಬಾಯಿಲೆ ಹೆಂಗ ಅನ್ನಲಿ?"

ಆಮೇಲೆ ಇಮಾಮಬಿ ನನ್ನ ಕಡೆ ನೋಡಿದಳು. ಈ ಸಲ ಬೋಗುಣಿಯಲ್ಲಿ ದಾವಲನೊಬ್ಬನ ಹೆಸರಿನಲ್ಲೇ ಖೀಮಾ ಆಗಲಿ, ಉಪ್ಪು ಉಳಿದಿದ್ದರೆ ಮಗ ಬದುಕಿದ್ದಾನೆ, ಹೋಗಿದ್ದರೆ ಹೋಗಿದ್ದಾನೆ ಅಂದಳು. ಮಾಡುವವಳು ಮಾಬವ್ವ ಎಂದೂ ಅಂದಳು.

ಶಬೇಬರಾತಿನ ಹಿಂದಿನ ದಿನ ಮಧ್ಯಾಹ್ನ ಮಾಬವ್ವ ಮಾಂಸ ಕೊಚ್ಚಿದಳು, ಮಸಾಲೆ ಅರೆದಳು. ಉಪ್ಪಿನ ಗಡಿಗೆಯ ಮುಚ್ಚಳ ತೆಗೆದಳು. ಕೈ ಒಳಗೆ ಹಾಕಿದಳು. ಖಾಲಿ ಕೈಯನ್ನು ಮುಷ್ಟಿ ಮಾಡಿ ತಂದು ನನ್ನ ಮೇಲೆ ಬಿಡಿಸಿದಳು. ಪಡಸಾಲೆಯಲ್ಲಿ ಕೂತಿದ್ದ ಅತ್ತೆಗೆ ಕಂಡದ್ದು ಸೊಸೆಯ ಬೆನ್ನು ಮಾತ್ರ. ನನ್ನೊಳಗೆ ಒಂದು ಹರಳೂ ಬೀಳಲಿಲ್ಲ.

ಮಾಬವ್ವ ಕೆಂಡ ಮಾಡಲು ಹಿತ್ತಲಿಗೆ ಹೋದಳು. ಆಗ ಇಮಾಮಬಿ ಎದ್ದು ಬಂದಳು. ಗಡಿಗೆಯಿಂದ ಹಿಡಿ ತುಂಬ ಉಪ್ಪು ತೆಗೆದು ಖೀಮಾದ ಆಳಕ್ಕೆ ತುರುಕಿ, ಬೆರಳಿನಿಂದ ಕಲಸಿ, ಮೇಲೆ ಸಮ ಮಾಡಿ, ಹೋಗಿ ಮೊದಲಿನ ಜಾಗದಲ್ಲೇ ಕೂತಳು. ಸೊಸೆ ಹಾಕಿದ್ದನ್ನು ಸತ್ತವರು ಒಯ್ದರೂ ತಾನು ಹಾಕಿದ್ದು ಉಳಿಯಲಿ ಎಂಬುದು ಆಕೆಯ ಲೆಕ್ಕ. ಒಬ್ಬಳು ಅವನನ್ನು ಕಳಿಸಲು ನೋಡಿದಳು, ಇನ್ನೊಬ್ಬಳು ಉಳಿಸಿಕೊಳ್ಳಲು. ಇಬ್ಬರೂ ಸೇರಿಯೇ ನನಗೆ ಕಣಕ ಮೆತ್ತಿದರು.

ಕೆಂಡ ಏರಿತು. ತುಪ್ಪ ಚುರುಗುಟ್ಟಿತು, ಮಾಂಸ ನೀರು ಬಿಟ್ಟಿತು. ಆಮೇಲೆ ಒಳಗಿನ ಸಪ್ಪಳವೆಲ್ಲ ಒಮ್ಮೆಲೇ ನಿಂತಿತು. ಮೇಲೆ ಕೆಂಡ, ಕೆಳಗೆ ಕೆಂಡ, ನಡುವೆ ತಣ್ಣಗಾಯಿತು.

ಒಂದು ಕೈ ಇತ್ತು. ಮೇಲಿಂದ ಬಂದದ್ದಲ್ಲ, ಮುಚ್ಚಳ ಕದಲಿರಲಿಲ್ಲ. ಮೊದಲಿನಿಂದಲೂ ಒಳಗೇ ಇದ್ದ ಹಾಗೆ ಇತ್ತು. ಬೆರಳು ಗಟ್ಟಿ. ಚರ್ಮ ತೊಯ್ದು ಸುಕ್ಕಾಗಿತ್ತು, ಹೊಳೆಯ ಕೆಸರಿನ ವಾಸನೆ ಬರುತ್ತಿತ್ತು. ಮಾಂಸವನ್ನು ಅದು ಮುಟ್ಟಲಿಲ್ಲ. ಕಣ್ಣಿಲ್ಲದವರು ನೆಲ ತಡವುವಂತೆ ತಡವಿ ತಡವಿ ಉಪ್ಪನ್ನಷ್ಟೇ ಆರಿಸಿಕೊಂಡಿತು. ಎಷ್ಟೋ ದಿನದಿಂದ ಕಾದವರ ಅವಸರವಿತ್ತು ಅದಕ್ಕೆ. ಕೊನೆಗೆ ತಳವನ್ನು ಬೆರಳಿನಿಂದ ಒಮ್ಮೆ ಕೆರೆಯಿತು. ಮತ್ತೆ ತುಪ್ಪದ ಸಪ್ಪಳ ಕೇಳಿಸಿತು.

ಹೊತ್ತು ಮುಳುಗುವಾಗ ಮುಲ್ಲಾ ಬಂದು ಫಾತಿಹಾ ಓದಿ ಹೋದ. ಇಮಾಮಬಿ ಕಣಕ ಒಡೆದಳು. ಒಂದು ತುತ್ತು ಬಾಯಿಗಿಟ್ಟಳು. ಬದಿಯಿಂದ ಇನ್ನೊಂದು ತಕ್ಕೊಂಡಳು. ಆಮೇಲೆ ಅಂಗೈ ಇಳಿಸಿ ತಾನು ಉಪ್ಪು ತುರುಕಿದ್ದ ಆಳದಿಂದಲೇ ತೆಗೆದಳು. ಹಲ್ಲಿನ ನಡುವೆ ಮರಳು ಕರಕರ ಅಂದಿತು. ಬೇರೇನೂ ರುಚಿ ಇರಲಿಲ್ಲ.

"ಹ್ವಾದ," ಅಂದಳು. "ನನ್ನ ಮಗಾ ಹ್ವಾದ."

ಮಾಬವ್ವನ ಅಣ್ಣ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಬೇಡಿದ್ದು ಸಿಕ್ಕಿತ್ತು ಮಾಬವ್ವನಿಗೆ. ಸುಮ್ಮನಿದ್ದರೆ ಆಗುತ್ತಿತ್ತು. ಆಕೆಗೆ ಸುಮ್ಮನಿರಲು ಆಗಲಿಲ್ಲ. ಅತ್ತೆಯ ಕಾಲ ಬಳಿ ಕುಸಿದು ಕೂತಳು.

"ಅತ್ತಿ, ನಾ ಉಪ್ಪ ಹಾಕಿದ್ದಿಲ್ಲ. ಸುಳ್ಳ ಮಾಡೇನಿ. ಅವ್ರು ಅದಾರ. ಅಳಬ್ಯಾಡ್ರಿ, ಅವ್ರು ಅದಾರ."

ಇಮಾಮಬಿ ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಆ ಕೈಯಲ್ಲಿ ಇನ್ನೂ ಖೀಮಾ ಮೆತ್ತಿತ್ತು.

"ನಾ ಹಾಕಿದ್ನೆವ್ವಾ," ಅಂದಳು ಮೆಲ್ಲಗೆ. "ನೀ ಕೆಂಡಕ್ಕ ಹ್ವಾದಾಗ ಹಿಡಿ ತುಂಬ ಹಾಕಿದ್ನಿ."

ಮಾಬವ್ವ ಒಂದು ತುತ್ತು ತಕ್ಕೊಂಡು ತಿಂದು ನೋಡಿದಳು. ಅವಳ ಹಲ್ಲಿಗೂ ಮರಳು ಸಿಕ್ಕಿತು. ಆಮೇಲೆ ಇಬ್ಬರೂ ಎದುರುಬದುರು ಕೂತು, ಉಪ್ಪಿನ ಗಡಿಗೆ ಪಕ್ಕದಲ್ಲೇ ಇದ್ದರೂ ಮುಟ್ಟದೆ, ಆ ಸಪ್ಪೆ ಖೀಮಾವನ್ನು ತಳ ಕಾಣುವ ತನಕ ಉಂಡರು.

ಮಾಬವ್ವ ಗಂಡ ಸತ್ತವರು ಕೂರುವ ಇದ್ದತ್ತಿಗೆ ಕೂತಳು. ಅದು ಮುಗಿದ ಮೇಲೆ ಇಮಾಮಬಿಯೇ ಅವಳ ಅಣ್ಣನಿಗೆ ಹೇಳಿಕಳಿಸಿ ನಿಕಾಹ್ ಮಾಡಿಸಿದಳು. ಸೊಸೆ ಹೋಗುವಾಗ ನನ್ನನ್ನು ಅವಳ ಗಂಟಿನ ಮೇಲಿಟ್ಟಳು. ಮಾಬವ್ವ ಸೀರೆ, ಹಾಸಿಗೆ ಎಲ್ಲ ಒಯ್ದಳು, ನನ್ನನ್ನು ಮಾತ್ರ ಮೆಲ್ಲಗೆ ಕೆಳಗಿಳಿಸಿದಳು. ಇಮಾಮಬಿ ಒತ್ತಾಯ ಮಾಡಲಿಲ್ಲ. ತಾನೂ ಮತ್ತೆ ನನ್ನ ಕೆಳಗೆ ಬೆಂಕಿ ಇಡಲಿಲ್ಲ. ಮಗನ ಕೈ ಎಷ್ಟು ತೊಯ್ದಿತ್ತೆಂದು ನಾನು ಹೇಳಿರಲಿಲ್ಲ. ಆದರೂ ಆಕೆ ಅಂದಿನಿಂದ ಹೊಳೆಯ ನೀರು ಕುಡಿಯುವುದು ಬಿಟ್ಟಳು.

ಆಕೆ ತೀರಿದ ಮೇಲೆ ತಂಗಿಯ ಮಗ ನನ್ನನ್ನು ಹಾವೇರಿಗೆ ಒಯ್ದ. ಅವನದು ಗಾದಿ ಅಂಗಡಿ. ಅಲ್ಲಿ ಹಿಂಜುವುದು ಈಗ ಮಷೀನು. ಹಿಂದಿನ ಕೋಣೆಯ ಹಲಗೆಯ ಮೇಲೆ ನನ್ನನ್ನು ಬೋರಲು ಹಾಕಿ ಬಿಟ್ಟಿದ್ದಾರೆ. ಕಲಾಯಿ ಹೋಗಿದೆ, ಒಳಗೆ ಹಸಿರು ಕಿಲುಬು ಹಿಡಿದಿದೆ. ಇದರಲ್ಲಿ ಇನ್ನು ಅಡಿಗೆ ಮಾಡಿದರೆ ವಿಷ ಎಂದು ಮನೆಯವರು ಮಾತಾಡಿದ್ದು ಕೇಳಿದ್ದೇನೆ. ನಿಜವೇ.

ಬದುಕಿದವರಿಗೆ ದಾರಿ ಬಿಡಿಸಿಕೊಟ್ಟದ್ದಾಯಿತು. ಹೋದವನ ಹೆಸರು ಹೇಳುವವರು ಮಾತ್ರ ಯಾರೂ ಉಳಿಯಲಿಲ್ಲ. ಲಕ್ಷ್ಮೇಶ್ವರಕ್ಕೆ ಹೋದ ಮಾಬವ್ವ ಬೇರೆ ಮನೆಯ ಸತ್ತವರಿಗೆ ಅಡಿಗೆ ಮಾಡಬೇಕು, ಅದು ಅವಳ ಧರ್ಮ. ಹೀಗಾಗಿ ಕೆಲವು ಸಂಜೆ, ಮಷೀನು ನಿಂತು ಅರಳೆಯ ಧೂಳು ಕೆಳಗೆ ಕೂರುವಾಗ, ನನ್ನ ಒಳಮೈ ತಣ್ಣಗಾಗುತ್ತದೆ. ಆ ಕೈ ಬರುತ್ತದೆ. ಕಿಲುಬಿನ ಮೇಲೆ ತಡವುತ್ತದೆ. ಕೊಡಲು ನನ್ನಲ್ಲಿ ಒಂದು ಹರಳೂ ಇಲ್ಲ. ಅದು ಈಗ ಒಂಟಿಯಾಗಿ ಬರುವುದಿಲ್ಲ. ಜೊತೆಗೆ ಒಂದು ಮುದಿ ಕೈ ಇರುತ್ತದೆ. ಜಾತ್ರೆಯ ಗದ್ದಲದಲ್ಲಿ ಕೂಸನ್ನು ಹಿಡಿದ ಹಾಗೆ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತದೆ.