ಹಲಗೆಯಾಚೆಯ ಎರಡು ಬಡಿತ

ಈಗಿನವರು ಮಕ್ಕಳಿಗೆ ಹಾಡು ಕಲಿಸುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವುದೋ ಪೆಟ್ಟಿಗೆಯ ಗುಂಡಿ ಒತ್ತುತ್ತಾರೆ, ಅದು ಅರಚುತ್ತದೆ, ಅದರ ಜೊತೆ ಮಕ್ಕಳೂ ಅರಚುತ್ತವೆ. ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ಇದನ್ನೇ ಕೇಳಿ ಬಂದು, "ಇದೂ ಒಂದು ಹಾಡೇನೇ?" ಎಂದು ರೇಗಿದೆ.

"ನೀನು ಚಿಕ್ಕೋಳಿದ್ದಾಗ ಹೇಗೆ ಹಾಡ್ತಿದ್ದೆ ಅಜ್ಜಿ?"

"ಪಿಸುಪಿಸು ಅಂತ."

"ಸುಳ್ಳು!" ಎಂದು ನಕ್ಕು ಓಡಿದಳು.

ಸುಳ್ಳಂತೆ ಸುಳ್ಳು! ನಮ್ಮ ಪ್ರಾಥಮಿಕ ಶಾಲೆಯಲ್ಲಿ ಒಂದು ಉದ್ದನೆಯ ಕೋಣೆಗೆ ನಡುವೆ ಹಲಗೆ ಹೊಡೆದು ಎರಡು ಮಾಡಿದ್ದರು. ಆ ಕಡೆ ದೊಡ್ಡ ಮಕ್ಕಳಿಗೆ ಲೆಕ್ಕ, ಈ ಕಡೆ ಮೂರನೇ ತರಗತಿಯ ನಮಗೆ ಹಾಡು. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರಲ್ಲ, ನಮ್ಮ ಗೋಡೆಗೆ ಕೈಯೂ ಇತ್ತು. ನಾವು ಸ್ವಲ್ಪ ದನಿ ಎತ್ತಿದರೆ ಸಾಕು, ಲೆಕ್ಕದ ಮೇಷ್ಟ್ರು ಡಸ್ಟರಿನ ಮರದ ಬೆನ್ನಿನಿಂದ ಹಲಗೆಗೆ ಟಕ್ ಟಕ್ ಎಂದು ಬಡಿಯುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ಸಿಡುಕಪ್ಪ.

ಹಾಡಿನ ಟೀಚರ್ ಆ ವರ್ಷವಷ್ಟೇ ಬಂದಿದ್ದರು. ಪುಟ್ಟ ಆಳು, ದೊಡ್ಡ ಕನ್ನಡಕ, ಗಂಟಲೊಂದು ಬಿಟ್ಟರೆ ಬೇರೆ ವಾದ್ಯವಿಲ್ಲ. ಹೆಡ್ಮಾಸ್ಟರು ನಮ್ಮೆದುರಿಗೇ ಅವರಿಗೆ ಹೇಳಿದ್ದರು: "ನೋಡಮ್ಮಾ, ವಾರ್ಷಿಕೋತ್ಸವದಲ್ಲಿ ಮಕ್ಕಳು ಚೆನ್ನಾಗಿ ಹಾಡಿದ್ರೆ ಸರಿ. ಇಲ್ದಿದ್ರೆ ಈ ಪಿರಿಯಡ್ಡು ಲೆಕ್ಕಕ್ಕೆ ಹೋಗುತ್ತೆ. ಮೇಷ್ಟ್ರು ಆಗಲೇ ಕೇಳಿದ್ದಾರೆ." ಟೀಚರ್ ತಲೆಯಾಡಿಸಿದರು. ಅವರ ಕೆಲಸವೂ ಆ ಪಿರಿಯಡ್ಡಿನ ಜೊತೆಗೇ ಹೋಗುತ್ತದೆ ಎನ್ನುವುದು ನಮಗೂ ಅರ್ಥವಾಗಿತ್ತು. ಸಿಡುಕಪ್ಪನನ್ನು ಕಂಡರೆ ಅಂದಿನಿಂದ ನಮಗೆ ಆಗುತ್ತಲೇ ಇರಲಿಲ್ಲ.

ಟೀಚರ್ ಮಾತ್ರ ಜಗಳಕ್ಕೆ ಹೋಗಲಿಲ್ಲ. "ಮನೇಲಿ ಪಾಪು ಮಲಗಿದೆ ಅಂದ್ಕೊಳ್ಳಿ. ಅದು ಏಳಬಾರದು, ನಮ್ಮ ಹಾಡೂ ನಿಲ್ಲಬಾರದು" ಎಂದರು. ಹಾಗೆ ಶುರುವಾಯಿತು ನಮ್ಮ ಪಿಸುಗುಟ್ಟುವ ಸಂಗೀತ. ಒಮ್ಮೆ ಹಾಡಿ ನೋಡಿ, ಗೊತ್ತಾಗುತ್ತದೆ. ಪಕ್ಕದವಳ ಉಸಿರೂ ಕಿವಿಗೆ ಬೀಳುತ್ತದೆ. ಯಾರಾದರೂ ಸ್ವರ ತಪ್ಪಿದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಎಲ್ಲರಿಗೂ ತಿಳಿಯುತ್ತದೆ. ನನ್ನ ಬಾಯಿ ಊರಿಗೆಲ್ಲ ಕೇಳುವಂಥದ್ದು. ಆ ಬಾಯಿಯಿಂದಲೂ ಹತ್ತಿಯಂಥ ದನಿ ತೆಗೆಸಿದರು, ಪುಣ್ಯಾತ್ಗಿತ್ತಿ.

ಹಾಡು ಅವರೇ ಕಟ್ಟಿದ್ದು. ಚಂದ್ರನಿಗೆ ಧೂಳು ಹಿಡಿದಿದೆ, ಒರೆಸಲು ಮಕ್ಕಳು ಏಣಿ ಹತ್ತುತ್ತಾರೆ. "ಮೇಲೆ, ಮೇಲೆ, ಇನ್ನೂ ಮೇಲೆ" ಎನ್ನುವಲ್ಲಿ ಸ್ವರ ಏರಬೇಕು. ಎಷ್ಟು ಅದುಮಿದರೂ ಅಲ್ಲಿ ನಮ್ಮ ದನಿ ಕೈಮೀರಿ ಹೋಗುತ್ತಿತ್ತು. ಕೂಡಲೇ ಆಚೆಯಿಂದ ಟಕ್ ಟಕ್. ನಾವು ಗಪ್ಪೆಂದು ನಿಂತು, ಉಸಿರೆಳೆದುಕೊಂಡು, "ಮುಟ್ಟಿದೆವು!" ಎಂದು ಮುಂದಕ್ಕೆ ಹಾಡುತ್ತಿದ್ದೆವು. ದಿನವೂ ಅದೇ ಜಾಗ, ಅದೇ ಬಡಿತ.

ವಾರ್ಷಿಕೋತ್ಸವದ ದಿನ ಸಭಾಂಗಣದ ತುಂಬ ಅಪ್ಪಂದಿರು, ಅಮ್ಮಂದಿರು. ಪರದೆಯ ಹಿಂದೆ ಟೀಚರ್ ನಮ್ಮ ಜಡೆ, ಕಾಲರು ಸರಿಮಾಡುತ್ತ, "ಇವತ್ತು ಪಾಪು ಎದ್ದಿದೆ. ಬಾಯಿ ಬಿಟ್ಟು ಹಾಡಿ" ಎಂದರು.

ಹಾಡಿದೆವು. ಏಣಿ ತಂದೆವು, ಹತ್ತಿದೆವು. ಅಮ್ಮ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದಳು. "ಮೇಲೆ, ಮೇಲೆ, ಇನ್ನೂ ಮೇಲೆ" ಎಂದೆವು. ನಿಂತೆವು.

ಎಲ್ಲರೂ ಒಟ್ಟಿಗೇ ನಿಂತೆವು. ಬಡಿತ ಬರಬೇಕಲ್ಲ!

ಬರಲಿಲ್ಲ. ಸಿಡುಕಪ್ಪ ಬಡಿಯದೆ "ಮುಟ್ಟಿದೆವು" ಎಂದು ಹಾಡುವುದು ನಮಗೆ ಗೊತ್ತೇ ಇರಲಿಲ್ಲ. ಟೀಚರ್ ಕಣ್ಣಲ್ಲೇ "ಹಾಡಿ, ಹಾಡಿ" ಎಂದು ಬೇಡುತ್ತಿದ್ದರು. ಹೆಡ್ಮಾಸ್ಟರು ಗಡಿಯಾರ ನೋಡಿಕೊಂಡರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ.

ಆಗ ಸಭಾಂಗಣದ ಕೊನೆಯಿಂದ ಕೇಳಿಸಿತು. ಟಕ್ ಟಕ್.

ತುಂಟರನ್ನು ಕಾಯಲು ಬಾಗಿಲ ಬಳಿ ನಿಂತಿದ್ದ ಸಿಡುಕಪ್ಪ ಬಾಗಿಲಿಗೆ ಬಡಿದಿದ್ದರು. "ಮುಟ್ಟಿದೆವು!" ಎಂದು ನಾವು ಕೂಗಿದ್ದಕ್ಕೆ ಸೂರು ಹಾರಬೇಕಿತ್ತು. ವರ್ಷವೆಲ್ಲ ಅದುಮಿಟ್ಟ ದನಿ ಅದು. ಜನ ಅದೂ ಹಾಡಿನದೇ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿಯೇ ತಟ್ಟಿದರು.

ಆಮೇಲೆ ಹೆಡ್ಮಾಸ್ಟರು ಸಿಡುಕಪ್ಪನನ್ನು ಹಿಡಿದು ಛೇಡಿಸಿದರು. "ಏನ್ರೀ ಮೇಷ್ಟ್ರೇ, ಸುಮ್ನೆ ಇದ್ದಿದ್ರೆ ಪಿರಿಯಡ್ಡು ನಿಮ್ದೇ ಆಗ್ತಿತ್ತಲ್ಲ!"

"ಆಗ್ತಿತ್ತು" ಎಂದರು ಸಿಡುಕಪ್ಪ, ಮುಖ ಗಂಟಿಕ್ಕಿಕೊಂಡೇ. "ಮಕ್ಕಳು ನನಗೋಸ್ಕರ ಕಾಯ್ತಾ ನಿಂತಿದ್ವು. ಕೈ ಕಟ್ಕೊಂಡು ನಿಲ್ಲೋಕಾಗುತ್ತಾ?"

ಪಿರಿಯಡ್ಡು ಉಳಿಯಿತು, ಟೀಚರ್ ಉಳಿದರು. ರಜೆಯಲ್ಲಿ ಹಲಗೆ ಕಿತ್ತು ಇಟ್ಟಿಗೆಯ ಗೋಡೆಯನ್ನೂ ಕಟ್ಟಿಸಿದರು. ಶಾಲೆ ಮತ್ತೆ ತೆರೆದಾಗ ಟೀಚರ್, "ಇನ್ನು ಎಷ್ಟು ಬೇಕಾದ್ರೂ ಗಟ್ಟಿಯಾಗಿ ಹಾಡಿ, ಕೇಳೋರಿಲ್ಲ" ಎಂದರು. ಚಂದ್ರನ ಹಾಡನ್ನೇ ಎತ್ತಿಕೊಂಡೆವು. "ಇನ್ನೂ ಮೇಲೆ" ಎಂದು ನಿಂತೆವು. ಹೊಸ ಗೋಡೆ ಸುಮ್ಮನಿತ್ತು. ಟೀಚರ್ ಮೇಜಿಗೆ ಬೆರಳಿಂದ ತಟ್ಟಿದರು, ಆದರೆ ಅದು ಅದಲ್ಲ. ನನಗೆ ಅಳುವೇ ಬಂದುಬಿಟ್ಟಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸಿಡುಕಪ್ಪ, ಕೈಯಲ್ಲಿ ಅದೇ ಡಸ್ಟರು. ನಾವು ಬೆಂಚಿಗೆ ಅಂಟಿಕೊಂಡೆವು.

"ಗೋಡೆ ಗಟ್ಟಿಯಾಗಿದೆ ಟೀಚರ್. ಆ ಕಡೆ ಏನೇನೂ ಕೇಳಿಸಲ್ಲ" ಎಂದರು.

"ಒಳ್ಳೇದಾಯ್ತಲ್ಲ ಮೇಷ್ಟ್ರೇ. ಇನ್ನು ನಿಮಗೆ ತೊಂದರೆಯಿಲ್ಲ."

ಅವರು ಡಸ್ಟರಿನ ಸೀಮೆಸುಣ್ಣದ ಪುಡಿಯನ್ನು ಹೆಬ್ಬೆರಳಿಂದ ಕೆರೆಯುತ್ತ ನಿಂತರು. ನಮ್ಮ ಕಡೆ ನೋಡಲಿಲ್ಲ.

"ಇನ್ನು ಮೇಲೆ ಈ ಬಾಗಿಲು ತೆಗೆದಿಟ್ಕೊಂಡು ಹಾಡಿಸಿ" ಎಂದರು. "ನಂದೂ ತೆಗೆದಿರ್ತೀನಿ."